ಬಾಯಿಮಾತಲ್ಲೇ ಫೋನ್ ನಡೆಸುವುದು ಹೇಗೆ?

ಹೋದ ವರ್ಷ ನನ್ನ ಗೆಳತಿಯೊಬ್ಬಳು ಮೆಟ್ಟಿಲಲ್ಲಿ ಜಾರಿ ಮುಂದಕ್ಕೆ ಬಿದ್ದಳು. ಎರಡೂ ಕೈ ಊರಿದ್ದರಿಂದ ಎರಡೂ ಮಣಿಕಟ್ಟು ಮುರಿಯಿತು. ನಾನು ನೋಡಲು ಹೋದಾಗ ಮೊಣಕೈವರೆಗೆ ಪ್ಲಾಸ್ಟರ್, ಊದಿಕೊಂಡ ಬೆರಳುಗಳು. ಎದುರಿನ ಟೇಬಲ್ ಮೇಲೆ ಫೋನ್ ರಿಂಗ್ ಆಗುತ್ತಿತ್ತು. ಅವಳು ಸುಮ್ನೆ ಅದನ್ನೇ ನೋಡುತ್ತಾ ಕೂತಿದ್ದಳು.

"ಅಸಿಸ್ಟೆಂಟ್‌ಗೆ ಹೇಳಿದ್ರೆ ಕಾಲ್ ಮಾಡುತ್ತೆ, ಅಲಾರಂ ಇಡುತ್ತೆ. ಆದ್ರೆ ಮೆಸೇಜಲ್ಲಿ ಬಂದಿರೋ ಫೋಟೋ ತೆಗಿ ಅಂದ್ರೆ ತೆಗೆಯಲ್ಲ. ಒಂದು ಓಕೆ ಒತ್ತೋಕೂ ಅಮ್ಮನ್ನ ಕರೀಬೇಕು ಕಣೇ" ಅಂದಳು.

ಆ ಓಕೆ ಒತ್ತುವ ಸೌಲಭ್ಯ ಅವಳ ಫೋನಲ್ಲೇ ಇತ್ತು. ಸೆಟ್ಟಿಂಗ್ಸ್‌ನ ಒಂದು ಮೂಲೆಯಲ್ಲಿ ಆಫ್ ಆಗಿ ಕೂತಿತ್ತು, ಅಷ್ಟೇ. ಅವಳಿಗೆ ಬೇಕಾದದ್ದು ಆರೆಂಟು ವಾರದ ಮಟ್ಟಿಗೆ. ಪಾರ್ಕಿನ್ಸನ್ಸ್‌ನಿಂದ ಕೈ ನಡುಗುವವರಿಗೆ, ಸಂಧಿವಾತದಿಂದ ಬೆರಳು ಬಗ್ಗದವರಿಗೆ, ಬೆನ್ನುಹುರಿಗೆ ಪೆಟ್ಟಾಗಿ ಕೈ ಏಳದವರಿಗೆ ಇದು ದಿನನಿತ್ಯದ ಮಾತು. ಹಾಗಾಗಿ ಇದು ಏನು, ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಎಡವುತ್ತದೆ ಅಂತ ಬುಡದಿಂದ ನೋಡೋಣ.

ಒಂದೇ ಹೆಸರು, ಮೂರು ಬೇರೆ ಕೆಲಸ

ಫೋನ್ ಜೊತೆ ಮಾತಾಡುವುದು ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಸಿರಿ ಅಥವಾ ಗೂಗಲ್ ಅಸಿಸ್ಟೆಂಟ್. ಸಿರಿ 2011ರಲ್ಲಿ ಐಫೋನ್ 4ಎಸ್ ಜೊತೆ ಬಂತು, ಗೂಗಲ್ ಅಸಿಸ್ಟೆಂಟ್ 2016ರಲ್ಲಿ. ಇವಕ್ಕೆ ಹೇಳುವ ಮಾತು ಯಾರಿಗೋ ಕೆಲಸ ಹೇಳಿ ಕಳಿಸಿದ ಹಾಗೆ. "ಅಣ್ಣನಿಗೆ ಕಾಲ್ ಮಾಡು" ಅಂದರೆ ಹೇಗೆ ಮಾಡಬೇಕು ಅಂತ ಅದೇ ನೋಡಿಕೊಳ್ಳುತ್ತದೆ. ಆದರೆ ಅದಕ್ಕೆ ಕಲಿಸಿಕೊಟ್ಟ ಕೆಲಸ ಮಾತ್ರ ಗೊತ್ತು. ಪಟ್ಟಿಯಲ್ಲಿಲ್ಲದ್ದನ್ನು ಕೇಳಿದರೆ ಕೈ ಚೆಲ್ಲುತ್ತದೆ.

ಎರಡನೆಯದು ಧ್ವನಿ ಟೈಪಿಂಗ್. ಕೀಬೋರ್ಡಿನ ಮೈಕ್ ಒತ್ತಿ ಮಾತಾಡಿದರೆ ಅಕ್ಷರ ಮೂಡುತ್ತದಲ್ಲ, ಅದು. ಶಾಲೆಯಲ್ಲಿ ಉಕ್ತಲೇಖನ ಬರೆಯುತ್ತಿದ್ದೆವಲ್ಲ, ಹಾಗೇ. ಹೇಳಿದ್ದನ್ನು ಬರೆಯುತ್ತದೆ. ಬರೆದದ್ದನ್ನು ಕಳಿಸುವುದು, ಪುಟ ತಿರುಗಿಸುವುದು ಅದರ ಕೆಲಸವಲ್ಲ.

ಮೂರನೆಯದೇ ನನ್ನ ಗೆಳತಿಗೆ ಬೇಕಾಗಿದ್ದದ್ದು. ಆಂಡ್ರಾಯ್ಡ್‌ನಲ್ಲಿ ಇದರ ಹೆಸರು ವಾಯ್ಸ್ ಆಕ್ಸೆಸ್, ಐಫೋನಲ್ಲಿ ವಾಯ್ಸ್ ಕಂಟ್ರೋಲ್. ಗೂಗಲ್ ಮೊದಲನೆಯದನ್ನು 2016ರಲ್ಲಿ ಪ್ರಯೋಗಕ್ಕೆ ಬಿಟ್ಟು 2018ರಲ್ಲಿ ಎಲ್ಲರಿಗೂ ಕೊಟ್ಟಿತು. ಆಪಲ್‌ನದು 2019ರಲ್ಲಿ ಐಒಎಸ್ 13 ಜೊತೆ ಬಂತು. ಇಲ್ಲಿ ನೀವು ಯಾರಿಗೂ ಕೆಲಸ ಒಪ್ಪಿಸುವುದಿಲ್ಲ. ಬೆರಳು ಏನು ಮಾಡುತ್ತಿತ್ತೋ ಅದನ್ನೇ ಬಾಯಲ್ಲಿ ಹೇಳುತ್ತೀರಿ. ಇದನ್ನು ಒತ್ತು, ಕೆಳಗೆ ಸರಿ, ಹಿಂದೆ ಹೋಗು. ಕಣ್ಣು ನಿಮ್ಮದು, ಬೆರಳು ಫೋನಿನದು. ಹೀಗಾಗಿ ಬೆರಳು ಮುಟ್ಟಬಹುದಾದ ಹೆಚ್ಚುಕಮ್ಮಿ ಎಲ್ಲ ಕಡೆಗೂ ಮಾತು ಹೋಗಿ ಮುಟ್ಟುತ್ತದೆ.

ಈ ಮೂರನ್ನೂ ಜನ "ವಾಯ್ಸ್ ಕಮಾಂಡ್" ಅಂತ ಒಂದೇ ಹೆಸರಲ್ಲಿ ಕರೆಯುತ್ತಾರೆ. ಬಹಳಷ್ಟು ಜನ ಮೊದಲನೆಯದನ್ನು ನೋಡಿ, ಇಷ್ಟೇ ಅಂದುಕೊಂಡು ಬಿಟ್ಟುಬಿಡುತ್ತಾರೆ. ನನಗೆ ಬೇಜಾರಾಗುವುದು ಇಲ್ಲಿ. ಅವರಿಗೆ ನಿಜವಾಗಿ ಬೇಕಾದದ್ದು ಮೂರನೆಯದು.

ಮಾತು ಅಕ್ಷರವಾಗುವ ಬಗೆ

ನಾವು ಮಾತಾಡಿದಾಗ ಗಾಳಿ ಅದುರುತ್ತದೆ. ಮೈಕ್ ಆ ಅದುರುವಿಕೆಯನ್ನು ವಿದ್ಯುತ್ತಿನ ಏರಿಳಿತ ಮಾಡುತ್ತದೆ. ಫೋನ್ ಅದನ್ನು ಸೆಕೆಂಡಿಗೆ ಸಾಮಾನ್ಯವಾಗಿ 16,000 ಸಲ ಅಳೆದು ಅಂಕಿಗಳಾಗಿ ಬರೆದಿಡುತ್ತದೆ. ಈಗ ಅದರ ಕೈಯಲ್ಲಿರುವುದು ಬರೀ ಅಂಕಿಗಳ ಉದ್ದನೆಯ ಸಾಲು.

ಆ ಸಾಲನ್ನು ಸಣ್ಣ ಸಣ್ಣ ತುಂಡು ಮಾಡಲಾಗುತ್ತದೆ. ಒಂದು ತುಂಡು ಸುಮಾರು ಸೆಕೆಂಡಿನ ನಲವತ್ತನೇ ಒಂದು ಭಾಗದಷ್ಟು. ಪ್ರತಿ ತುಂಡಿನಲ್ಲಿ ದಪ್ಪ ಸ್ವರ ಎಷ್ಟು, ತೆಳು ಸ್ವರ ಎಷ್ಟು ಅಂತ ಬಿಡಿಸಿ ನೋಡುತ್ತಾರೆ. "ಸ" ಅಂದಾಗ ತೆಳುವಾದ ಸುಯ್ ಶಬ್ದ ಜಾಸ್ತಿ, "ಊ" ಅಂದಾಗ ದಪ್ಪನೆಯದು ಜಾಸ್ತಿ. ಅಪಾರವಾದ ಧ್ವನಿಮುದ್ರಣಗಳನ್ನು ಕೇಳಿಸಿ ತರಬೇತಿ ಕೊಟ್ಟ ಒಂದು ಲೆಕ್ಕದ ಯಂತ್ರ ಇದನ್ನೆಲ್ಲ ನೋಡಿ, ಇದು "ಸ" ಇರಬಹುದು, ಅದು "ಷ" ಇರಬಹುದು ಅಂತ ಊಹಿಸುತ್ತದೆ. ನ್ಯೂರಲ್ ನೆಟ್‌ವರ್ಕ್ ಅನ್ನುವುದು ಇದನ್ನೇ.

ಇಲ್ಲಿ "ಊಹಿಸುತ್ತದೆ" ಅನ್ನುವ ಮಾತು ಮುಖ್ಯ. ಕನ್ನಡದಲ್ಲೇ ನೋಡಿ. ನಮ್ಮಲ್ಲಿ ಬಹಳ ಜನ ಮಾತಾಡುವಾಗ "ಹ"ಕಾರ ಬಿಡುತ್ತಾರೆ. "ಹತ್ತು" ಅಂದದ್ದು "ಅತ್ತು" ಅಂತ ಕೇಳುತ್ತದೆ. "ಅತ್ತು ಗಂಟೆಗೆ ಬರ್ತೀನಿ" ಅಂದರೆ ನಮಗೆ ಗೊಂದಲ ಇಲ್ಲ, ಗಂಟೆ ಅನ್ನುವ ಮಾತು ಪಕ್ಕದಲ್ಲಿದೆ. "ಮಗು ಅತ್ತು ಅತ್ತು ಮಲಗಿತು" ಅಂದರೆ ಅದು ಬೇರೆ ಅಂತಲೂ ಗೊತ್ತು. ಫೋನ್ ಕೂಡ ಹಾಗೇ ಅಕ್ಕಪಕ್ಕದ ಪದ ನೋಡಿ, ಯಾವ ಪದದ ಜೊತೆ ಯಾವುದು ಹೆಚ್ಚಾಗಿ ಬರುತ್ತದೆ ಅನ್ನುವ ಲೆಕ್ಕದಿಂದ ತೀರ್ಮಾನಿಸುತ್ತದೆ. ಜನರ ಹೆಸರು, ಮನೆತನದ ಹೆಸರು ಹೇಳಿದಾಗ ಅದು ಜಾಸ್ತಿ ತಪ್ಪುವುದು ಇದಕ್ಕೇ. ಹೆಸರಿಗೆ ಅಕ್ಕಪಕ್ಕದ ಸುಳಿವು ಕಡಿಮೆ.

ಇಲ್ಲಿಗೆ ಬರಲು ಬಹಳ ವರ್ಷ ಹಿಡಿಯಿತು. 1952ರಲ್ಲಿ ಬೆಲ್ ಲ್ಯಾಬ್ಸ್ ಮಾಡಿದ "ಆಡ್ರಿ" ಯಂತ್ರ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ಮಾತ್ರ ಗುರುತಿಸುತ್ತಿತ್ತು. ಅದೂ ತನಗೆ ಹೊಂದಿಸಿದ ಒಬ್ಬರ ದನಿಯಲ್ಲಾದರೆ ಚೆನ್ನಾಗಿ. 1960ರ ದಶಕದ ಶುರುವಿನಲ್ಲಿ ಐಬಿಎಂನ "ಶೂಬಾಕ್ಸ್" 16 ಪದ ಕಲಿಯಿತು. 1976ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ "ಹಾರ್ಪಿ"ಗೆ ಸಾವಿರ ಚಿಲ್ಲರೆ ಪದ ಬರುತ್ತಿತ್ತು. ಕನ್ನಡದಲ್ಲಿ ಗೂಗಲ್‌ನ ಧ್ವನಿ ಟೈಪಿಂಗ್ ಬಂದದ್ದು 2017ರಲ್ಲಿ.

ಫೋನ್ ಸದಾ ಕೇಳಿಸಿಕೊಳ್ಳುತ್ತಿರುತ್ತದಾ?

ತುಂಬಾ ಜನ ಕೇಳುವ ಪ್ರಶ್ನೆ ಇದು. ನಿದ್ದೆಯಲ್ಲಿರುವಾಗ ಪಕ್ಕದ ಕೋಣೆಯಲ್ಲಿ ಯಾರು ಏನು ಮಾತಾಡಿದರೂ ನಮಗೆ ಎಚ್ಚರವಾಗುವುದಿಲ್ಲ, ಆದರೆ ನಮ್ಮ ಹೆಸರು ಕೂಗಿದರೆ ತಟ್ಟನೆ ಎಚ್ಚರವಾಗುತ್ತದೆ ಅಲ್ವಾ? "ಹೇ ಗೂಗಲ್", "ಸಿರಿ" ಅನ್ನುವ ಕರೆಯ ಪದ ಹೀಗೆ ಕೆಲಸ ಮಾಡುತ್ತದೆ. ಫೋನಿನ ಒಂದು ಸಣ್ಣ ಭಾಗ ಬಹಳ ಕಡಿಮೆ ಬ್ಯಾಟರಿ ಬಳಸಿಕೊಂಡು ಕಳೆದ ಕೆಲವೇ ಕ್ಷಣಗಳ ಶಬ್ದವನ್ನು ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ. ಅದರಲ್ಲಿ ಆ ಒಂದು ಪದ ಇದೆಯಾ ಅಂತ ನೋಡುತ್ತದೆ. ಇಲ್ಲದಿದ್ದರೆ ಅಳಿಸಿ ಮುಂದಿನದನ್ನು ಕೇಳುತ್ತದೆ. ಇದೆ ಅನ್ನಿಸಿದರೆ ಮಾತ್ರ ಉಳಿದ ಭಾಗಗಳನ್ನು ಎಬ್ಬಿಸುತ್ತದೆ. 2014ರಲ್ಲಿ "ಹೇ ಸಿರಿ" ಬಂದಾಗ ಐಫೋನ್ ಚಾರ್ಜಿಗೆ ಹಾಕಿದ್ದರೆ ಮಾತ್ರ ಇದು ನಡೆಯುತ್ತಿತ್ತು. ಮರುವರ್ಷದ ಮಾಡೆಲ್‌ಗೆ ಆ ತೊಂದರೆ ನಿವಾರಣೆಯಾಯಿತು.

ವಾಯ್ಸ್ ಕಂಟ್ರೋಲ್, ವಾಯ್ಸ್ ಆಕ್ಸೆಸ್ ಹೀಗಲ್ಲ. ಆನ್ ಮಾಡಿದ ಮೇಲೆ ಪ್ರತಿ ಸಲ ಹೆಸರು ಕೂಗಬೇಕಾಗಿಲ್ಲ. ನೇರವಾಗಿ ಆಜ್ಞೆ ಕೊಡುತ್ತಾ ಹೋಗಬಹುದು. ಅದಕ್ಕೇ ಪಕ್ಕದಲ್ಲಿ ಟಿವಿ ಜೋರಾಗಿದ್ದರೆ ಟಿವಿಯ ಮಾತನ್ನೂ ಆಜ್ಞೆ ಅಂದುಕೊಳ್ಳುವ ಅಪಾಯ ಇದೆ.

ಸ್ಕ್ರೀನಿನ ಹಿಂದಿನ ಹಾಜರಿ ಪುಸ್ತಕ

"ಟ್ಯಾಪ್ ಸೆಂಡ್" ಅಂದರೆ ಸೆಂಡ್ ಬಟನ್ ಎಲ್ಲಿದೆ ಅಂತ ಫೋನಿಗೆ ಹೇಗೆ ಗೊತ್ತು? ಕ್ಯಾಮೆರಾದಲ್ಲಿ ನೋಡಿದ ಹಾಗೆ ಸ್ಕ್ರೀನನ್ನು ನೋಡುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಮುಖ್ಯವಾಗಿ ಹಾಗಲ್ಲ.

ಪ್ರತಿ ಸ್ಕ್ರೀನಿನ ಹಿಂದೆ ಒಂದು ಹಾಜರಿ ಪುಸ್ತಕ ಇರುತ್ತದೆ ಅಂದುಕೊಳ್ಳಿ. ಈ ಜಾಗದಲ್ಲಿ ಒಂದು ಬಟನ್ ಇದೆ, ಹೆಸರು ಸೆಂಡ್. ಆ ಜಾಗದಲ್ಲಿ ಬರೆಯುವ ಚೌಕ ಇದೆ, ಹೆಸರು ಮೆಸೇಜ್. ಹೀಗೆ ಒಂದೊಂದರ ಹೆಸರು, ಜಾತಿ, ಜಾಗ ಅಲ್ಲಿ ನಮೂದಾಗಿರುತ್ತದೆ. ಇದನ್ನು ಬರೆದಿಡುವುದು ಆ್ಯಪ್ ಮಾಡಿದವರ ಕೆಲಸ. ಕಣ್ಣು ಕಾಣದವರಿಗೆ ಸ್ಕ್ರೀನ್ ಓದಿ ಹೇಳುವ ಟಾಕ್‌ಬ್ಯಾಕ್, ವಾಯ್ಸ್‌ಓವರ್ ಕೂಡ ಇದೇ ಪುಸ್ತಕವನ್ನು ಓದುತ್ತವೆ. ನೀವು "ಟ್ಯಾಪ್ ಸೆಂಡ್" ಅಂದಾಗ ಫೋನ್ ಈ ಪುಸ್ತಕದಲ್ಲಿ ಸೆಂಡ್ ಅನ್ನುವ ಹೆಸರು ಹುಡುಕಿ, ಆ ಜಾಗವನ್ನು ಒತ್ತುತ್ತದೆ.

ಇಷ್ಟು ಗೊತ್ತಾದರೆ ಮುಂದಿನ ಬಹಳಷ್ಟು ತಲೆನೋವು ತಪ್ಪುತ್ತದೆ. ಒಂದು ಆ್ಯಪ್‌ನಲ್ಲಿ ಮಾತು ಚೆನ್ನಾಗಿ ನಡೆದು ಇನ್ನೊಂದರಲ್ಲಿ ನಡೆಯದಿದ್ದರೆ ನಿಮ್ಮ ಉಚ್ಚಾರಣೆ ಕೆಟ್ಟದ್ದು ಅಂತಲ್ಲ. ಎಷ್ಟೋ ಸಲ ಆ ಎರಡನೇ ಆ್ಯಪ್ ಮಾಡಿದವರು ಬಟನ್‌ಗೆ ಹೆಸರು ಬರೆದೇ ಇರುವುದಿಲ್ಲ. ಹಾಜರಿಯಲ್ಲಿ ಹೆಸರಿಲ್ಲದ ಹುಡುಗನನ್ನು ಹೆಸರು ಹಿಡಿದು ಕೂಗಿದರೆ ಯಾರು ಓ ಅನ್ನುತ್ತಾರೆ?

ಒಂದೇ ಆಜ್ಞೆ ಕಲಿಯುವುದಾದರೆ: ಶೋ ನಂಬರ್ಸ್

ಹೆಸರಿಲ್ಲದವನಿಗೆ ನಂಬರ್ ಕೊಟ್ಟರಾಯಿತು. "ಶೋ ನಂಬರ್ಸ್" ಅಂದರೆ ಒತ್ತಬಹುದಾದ ಪ್ರತಿಯೊಂದರ ಮೇಲೂ ಒಂದು ಪುಟ್ಟ ಅಂಕಿ ಬಂದು ಕೂರುತ್ತದೆ. ಆ ಅಂಕಿ ಹೇಳಿದರೆ ಅದನ್ನು ಒತ್ತುತ್ತದೆ. ಬಟನ್ ಹೆಸರೇನು, ಆ ಚಿತ್ರಕ್ಕೆ ಏನಂತಾರೆ ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಮಾತು ಇದೇ. ಈ ಲೇಖನದ ಆಜ್ಞೆಗಳೆಲ್ಲ ಇಂಗ್ಲಿಷ್‌ನವು, ಓದಲು ಸುಲಭವಾಗಲಿ ಅಂತ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಫೋನಲ್ಲೂ ಆಜ್ಞೆಯ ಭಾಷೆ ಇಂಗ್ಲಿಷ್ ಅಂತ ಇರಬೇಕು.

ಗೆಳತಿ ಮೊದಲ ದಿನ ಮಾಡಿದ್ದನ್ನು ಹಾಗೇ ಹೇಳುತ್ತೇನೆ. ಅವಳದ್ದು ಆಂಡ್ರಾಯ್ಡ್. ಫೋನನ್ನು ಎರಡು ಪುಸ್ತಕಕ್ಕೆ ಒರಗಿಸಿ ನಿಲ್ಲಿಸಿದೆವು. "ಓಪನ್ ವಾಟ್ಸ್ಆ್ಯಪ್" ಅಂದಳು, ತೆರೆಯಿತು. ತಂಗಿಯ ಹೆಸರಿನ ಮೇಲೆ ಒತ್ತಬೇಕಿತ್ತು. ಹೆಸರು ಎರಡು ಸಲ ಹೇಳಿದಳು, ಫೋನ್ ಎರಡು ಸಲವೂ ಬೇರೇನೋ ಕೇಳಿಸಿಕೊಂಡಿತು. ಮೂರನೇ ಸಲ ಅವಳ ದನಿ ಏರಿತು. ನಾನು "ಶೋ ನಂಬರ್ಸ್ ಅನ್ನು" ಅಂದೆ. ಅಂದಳು. ಪಟಪಟ ಅಂತ ಅಂಕಿಗಳು ಮೂಡಿದವು, ತಂಗಿಯ ಸಾಲಿನ ಮೇಲೆ 7. "ಸೆವೆನ್" ಅಂದಳು. ಚಾಟ್ ತೆರೆಯಿತು, ಅಂಕಿಗಳು ಮತ್ತೆ ಹೊಸದಾಗಿ ಬಂದವು. ಫೋಟೋದ ಮೇಲಿನ ಅಂಕಿ ಹೇಳಿದಳು. ತಂಗಿಯ ಮಗು ಮೊದಲ ಸಲ ನಿಂತುಕೊಂಡ ಫೋಟೋ ಅದು, ಎರಡು ದಿನದಿಂದ ಕಾಯುತ್ತಿದ್ದದ್ದು. ಅವಳು ಆಮೇಲೆ ಸ್ವಲ್ಪ ಹೊತ್ತು ಏನೂ ಆಜ್ಞೆ ಕೊಡಲಿಲ್ಲ.

ಉಳಿದ ದಿನಬಳಕೆಯ ಮಾತು ಬೇಗ ಬರುತ್ತವೆ. "ಸ್ಕ್ರೋಲ್ ಡೌನ್" ಅಂದರೆ ಪುಟ ಸರಿಯುತ್ತದೆ, "ಗೋ ಬ್ಯಾಕ್" ಅಂದರೆ ಹಿಂದಕ್ಕೆ, "ಗೋ ಹೋಮ್" ಅಂದರೆ ಮುಖ್ಯ ಸ್ಕ್ರೀನಿಗೆ. ಮರೆತರೆ ಆಂಡ್ರಾಯ್ಡ್‌ನಲ್ಲಿ "ವಾಟ್ ಕ್ಯಾನ್ ಐ ಸೇ", ಐಫೋನಲ್ಲಿ "ಶೋ ಕಮಾಂಡ್ಸ್" ಅಂದರೆ ಪಟ್ಟಿ ಬರುತ್ತದೆ.

ನಂಬರ್ ಕೂಡ ಬರದ ಕಡೆ

ಮ್ಯಾಪ್, ಆಟ, ಚಿತ್ರ ಬಿಡಿಸುವ ಆ್ಯಪ್ ಇವುಗಳಲ್ಲಿ ಒತ್ತಬೇಕಾದ ಜಾಗ ಹಾಜರಿ ಪುಸ್ತಕದಲ್ಲೇ ಇಲ್ಲದಿರಬಹುದು. ಅಲ್ಲಿ ಅಂಕಿ ಮೂಡುವುದಿಲ್ಲ. ಆಗ "ಶೋ ಗ್ರಿಡ್" ಅನ್ನಬೇಕು. ಇಡೀ ಸ್ಕ್ರೀನ್ ಚೌಕಗಳಾಗಿ ಭಾಗವಾಗಿ, ಪ್ರತಿ ಚೌಕಕ್ಕೂ ಒಂದು ಅಂಕಿ ಬರುತ್ತದೆ. ಐಫೋನಲ್ಲಿ ಒಂದು ಚೌಕದ ಅಂಕಿ ಹೇಳಿದರೆ ಅದರೊಳಗೆ ಇನ್ನೂ ಸಣ್ಣ ಚೌಕಗಳು ತೆರೆದುಕೊಳ್ಳುತ್ತವೆ. ಆಂಡ್ರಾಯ್ಡ್‌ನಲ್ಲಿ "ಮೋರ್ ಸ್ಕ್ವೇರ್ಸ್" ಅಂದರೆ ಚೌಕಗಳು ಸಣ್ಣದಾಗುತ್ತವೆ. ನಿಧಾನದ ಕೆಲಸ, ನಿಜ. ಆದರೆ ಸ್ಕ್ರೀನಿನ ಯಾವ ಮೂಲೆಯೂ ಇದರಿಂದ ತಪ್ಪಿಸಿಕೊಳ್ಳುವುದಿಲ್ಲ.

ಬರೆಯುವಾಗಿನ ಗೊಂದಲ

ಮೆಸೇಜ್ ಬರೆಯುತ್ತಾ "ಸೆಂಡ್" ಅಂದರೆ ಅದು ಆಜ್ಞೆಯೋ, ಬರೆಯಬೇಕಾದ ಪದವೋ? ಹೊಸಬರು ಜಾಸ್ತಿ ಎಡವುವುದು ಇಲ್ಲಿ. ಐಫೋನ್ ಇದಕ್ಕೆ ಬೇರೆ ಬೇರೆ ಸ್ಥಿತಿ ಇಟ್ಟಿದೆ. "ಕಮಾಂಡ್ ಮೋಡ್" ಅಂದರೆ ಮುಂದೆ ಹೇಳುವುದೆಲ್ಲ ಆಜ್ಞೆ. "ಡಿಕ್ಟೇಷನ್ ಮೋಡ್" ಅಂದರೆ ಆಜ್ಞೆಯಲ್ಲದ ಮಾತೆಲ್ಲ ಬರಹ. "ಸ್ಪೆಲ್ಲಿಂಗ್ ಮೋಡ್"ನಲ್ಲಿ ಒಂದೊಂದೇ ಅಕ್ಷರ ಹೇಳಬಹುದು. ಆಂಡ್ರಾಯ್ಡ್‌ನಲ್ಲಿ "ಟೈಪ್" ಅಂತ ಮೊದಲು ಹೇಳಿ, ಆಮೇಲೆ ಬರೆಯಬೇಕಾದದ್ದನ್ನು ಹೇಳಿದರೆ ಗೊಂದಲ ಕಡಿಮೆ.

ಮಾತಾಡಿ, ನಿಲ್ಲಿಸಿ, ಮತ್ತೆ ಮಾತಾಡಿ. ಆಜ್ಞೆಯ ಮೊದಲೂ ಆಮೇಲೂ ಒಂದು ಸಣ್ಣ ಮೌನ ಇದ್ದರೆ ಅದು ಎಲ್ಲಿ ಶುರು, ಎಲ್ಲಿ ಕೊನೆ ಅಂತ ಫೋನಿಗೆ ತಿಳಿಯುತ್ತದೆ. ಕಿರುಚುವುದರಿಂದ ಲಾಭವಿಲ್ಲ. ಜೋರು ದನಿಯಲ್ಲಿ ಅಕ್ಷರಗಳ ಆಕಾರವೇ ಬದಲಾಗುತ್ತದೆ. ಅದಕ್ಕಿಂತ ಫೋನನ್ನು ಹತ್ತಿರ ತರುವುದು ಒಳ್ಳೆಯದು. ದೂರ ಎರಡರಷ್ಟಾದರೆ ಮೈಕ್‌ಗೆ ತಲುಪುವ ಧ್ವನಿಯ ಶಕ್ತಿ ಸುಮಾರು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಕೋಣೆಯ ಗದ್ದಲ ಮಾತ್ರ ಅಷ್ಟೇ ಇರುತ್ತದೆ.

ಮಾತೇ ಸ್ಪಷ್ಟವಾಗಿ ಬರದವರ ಪಾಡೇನು? ಪಾರ್ಶ್ವವಾಯು ಆದವರಿಗೆ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಸ್ನಾಯುಗಳ ಮೇಲೆ ಹಿಡಿತ ಸಿಗದ ಸ್ಥಿತಿ) ಇರುವವರಿಗೆ ಎಷ್ಟೋ ಸಲ ಕೈಯ ಜೊತೆ ಮಾತೂ ಕಷ್ಟವಾಗಿರುತ್ತದೆ. ತರಬೇತಿಗೆ ಬಳಸಿದ ಧ್ವನಿಗಳಲ್ಲಿ ಇಂಥವರ ದನಿ ಬಹಳ ಕಡಿಮೆ ಇದ್ದದ್ದರಿಂದ ಫೋನ್ ಇವರ ಮಾತಿಗೆ ಜಾಸ್ತಿ ತಪ್ಪುತ್ತದೆ. ಸಹಾಯ ಹೆಚ್ಚು ಬೇಕಾದವರಿಗೇ ಅದು ಕಡಿಮೆ ಸಿಗುತ್ತಿತ್ತು. ಗೂಗಲ್ 2019ರಲ್ಲಿ ಪ್ರಾಜೆಕ್ಟ್ ಯುಫೋನಿಯಾ ಹೆಸರಲ್ಲಿ ಇಂಥ ಧ್ವನಿಗಳನ್ನು ಸಂಗ್ರಹಿಸುವ ಕೆಲಸ ಹಮ್ಮಿಕೊಂಡಿತು. ಆಪಲ್ 2024ರ ಐಒಎಸ್ 18ರಲ್ಲಿ ವೋಕಲ್ ಶಾರ್ಟ್‌ಕಟ್ಸ್ ತಂದಿತು. ನಿಮ್ಮ ಬಾಯಿಗೆ ಸುಲಭವಾದ ಒಂದು ಪದವನ್ನೋ ಶಬ್ದವನ್ನೋ ಮೂರು ಸಲ ಹೇಳಿ ಕಲಿಸಿ, ಅದಕ್ಕೊಂದು ಕೆಲಸ ಜೋಡಿಸಬಹುದು.

ಆನ್ ಮಾಡುವುದು

ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಅದರಲ್ಲಿ ಆಕ್ಸೆಸಿಬಿಲಿಟಿ, ಅದರಲ್ಲಿ ವಾಯ್ಸ್ ಆಕ್ಸೆಸ್. ಅಲ್ಲಿ ಕಾಣದಿದ್ದರೆ ಪ್ಲೇ ಸ್ಟೋರ್‌ನಿಂದ ಹಾಕಿಕೊಳ್ಳಬಹುದು. ಐಫೋನಲ್ಲೂ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ವಾಯ್ಸ್ ಕಂಟ್ರೋಲ್. ಮೊದಲ ಸಲ ಐಫೋನ್ ಒಂದು ಫೈಲ್ ಇಳಿಸಿಕೊಳ್ಳುತ್ತದೆ, ವೈಫೈ ಇರಲಿ. ಒಮ್ಮೆ ಸಿದ್ಧವಾದ ಮೇಲೆ ಸಿರಿಗೆ "ಟರ್ನ್ ಆನ್ ವಾಯ್ಸ್ ಕಂಟ್ರೋಲ್" ಅಂತ ಹೇಳಿಯೂ ಶುರು ಮಾಡಬಹುದು. ಆಂಡ್ರಾಯ್ಡ್‌ನಲ್ಲಿ "ಹೇ ಗೂಗಲ್, ವಾಯ್ಸ್ ಆಕ್ಸೆಸ್".

ಯಾರ ಜೊತೆಗಾದರೂ ಮಾತಾಡಬೇಕಾದಾಗ ಅದನ್ನು ಸುಮ್ಮನಿರಿಸುವುದು ಕಲಿತಿರಿ. ಐಫೋನಲ್ಲಿ "ಗೋ ಟು ಸ್ಲೀಪ್", ಮತ್ತೆ ಬೇಕಾದಾಗ "ವೇಕ್ ಅಪ್". ಆಂಡ್ರಾಯ್ಡ್‌ನಲ್ಲಿ "ಸ್ಟಾಪ್ ಲಿಸನಿಂಗ್". ಮುಖ ಗುರುತಿಸುವ ಐಫೋನ್‌ಗಳಲ್ಲಿ ಅಟೆನ್ಷನ್ ಅವೇರ್ ಅನ್ನುವ ಆಯ್ಕೆ ಇದೆ. ನೀವು ಫೋನಿನ ಕಡೆ ನೋಡುತ್ತಿದ್ದರೆ ಮಾತ್ರ ಅದು ಆಜ್ಞೆ ಕೇಳುತ್ತದೆ, ಮುಖ ತಿರುಗಿಸಿದರೆ ಸುಮ್ಮನಾಗುತ್ತದೆ. ಇನ್ನು ಬರುವ ಕಾಲ್ ತಾನೇ ಎತ್ತಿಕೊಳ್ಳಲಿ ಅನ್ನುವವರಿಗೆ ಐಫೋನಿನ ಆಕ್ಸೆಸಿಬಿಲಿಟಿಯಲ್ಲೇ ಆಟೋ ಆನ್ಸರ್ ಇದೆ.

ಗಾಡಿ ಓಡಿಸುವಾಗ

ಕೈ ಖಾಲಿ ಇದ್ದರೆ ಸಾಕು, ಅಪಾಯವಿಲ್ಲ ಅಂತ ಬಹಳ ಜನ ನಂಬಿದ್ದಾರೆ. 2015ರಲ್ಲಿ ಅಮೆರಿಕದ ಎಎಎ ಫೌಂಡೇಷನ್ ಫಾರ್ ಟ್ರಾಫಿಕ್ ಸೇಫ್ಟಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳಿತು. ಧ್ವನಿ ಆಜ್ಞೆ ಕೊಟ್ಟು ಮುಗಿಸಿದ ಮೇಲೂ ಚಾಲಕರ ಗಮನ ಪೂರ್ತಿ ರಸ್ತೆಗೆ ಮರಳಲು ಕೆಲವು ಸಂದರ್ಭಗಳಲ್ಲಿ 27 ಸೆಕೆಂಡಿನವರೆಗೆ ಹಿಡಿಯಿತು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಅಷ್ಟು ಹೊತ್ತಿಗೆ ಗಾಡಿ 300 ಮೀಟರ್ ಹೋಗಿರುತ್ತದೆ. ಮೇಲೆ ಹೇಳಿದ ನಂಬರ್, ಗ್ರಿಡ್ ಎಲ್ಲ ಕಣ್ಣಿಟ್ಟು ನೋಡಬೇಕಾದವು. ಗಾಡಿಯಲ್ಲಿ ಅವು ಬೇಡವೇ ಬೇಡ. ಹೊರಡುವ ಮೊದಲೇ ದಾರಿ ಹಾಕಿಕೊಂಡು ಹೊರಡಿ.

ನಮ್ಮ ದನಿ ಎಲ್ಲಿಗೆ ಹೋಗುತ್ತದೆ?

ಐಫೋನಿನ ವಾಯ್ಸ್ ಕಂಟ್ರೋಲ್‌ನಲ್ಲಿ ಆಡಿದ ಮಾತನ್ನು ಫೋನ್ ಒಳಗೇ ಅರ್ಥ ಮಾಡಿಕೊಳ್ಳುತ್ತದೆ. ಅಸಿಸ್ಟೆಂಟ್‌ಗಳ ವಿಷಯ ಬೇರೆ. ಹವಾಮಾನ, ಸುದ್ದಿ ಇಂಥದ್ದಕ್ಕೆಲ್ಲ ಉತ್ತರ ಹೊರಗಿನ ಕಂಪ್ಯೂಟರ್‌ನಿಂದ ಬರಬೇಕು, ಹಾಗಾಗಿ ನಿಮ್ಮ ಕೋರಿಕೆಯೂ ಅಲ್ಲಿಗೆ ಹೋಗುತ್ತದೆ. ಧ್ವನಿಮುದ್ರಣದ ಕೆಲವು ತುಣುಕುಗಳನ್ನು ಗುಣಮಟ್ಟ ನೋಡಲು ಮನುಷ್ಯರೂ ಕೇಳುತ್ತಿದ್ದರು ಅನ್ನುವುದು 2019ರಲ್ಲಿ ಬಯಲಾಗಿ ದೊಡ್ಡ ಸುದ್ದಿಯಾಯಿತು. ಆಮೇಲೆ ಆಪಲ್, ಬಳಸುವವರು ಒಪ್ಪಿದರೆ ಮಾತ್ರ ಅಂತ ನಿಯಮ ಬದಲಿಸಿತು. ಗೂಗಲ್ ಖಾತೆಯಲ್ಲಿ ನಿಮ್ಮ ಚಟುವಟಿಕೆಯ ದಾಖಲೆ ನೋಡಿ ಅಳಿಸುವ ಅವಕಾಶ ಇದೆ.

ನನ್ನ ಗೆಳತಿಗೆ ಕಂಪನಿಗಿಂತ ಹೆಚ್ಚು ಚಿಂತೆಯಾದದ್ದು ಪಕ್ಕದಲ್ಲಿ ಕೂತವರದ್ದು. ಫೋನ್ ಆಫ್ ಆಗಿ ಮತ್ತೆ ಆನ್ ಆದಾಗ ಮುಖ ತೋರಿಸಿದರೆ ತೆರೆಯುವುದಿಲ್ಲ, ಮೊದಲ ಸಲ ಪಿನ್ ಹಾಕಲೇಬೇಕು. ಬಾಯಲ್ಲಿ ಹೇಳಿದರೆ ಕೋಣೆಯಲ್ಲಿದ್ದವರಿಗೆಲ್ಲ ಕೇಳುತ್ತದೆ. ಪಾಸ್‌ವರ್ಡ್, ಓಟಿಪಿ ಕೂಡ ಹಾಗೇ. ಅವಳು ಎರಡು ಏರ್ಪಾಡು ಮಾಡಿಕೊಂಡಳು. ರಾತ್ರಿ ಬ್ಯಾಟರಿ ಖಾಲಿಯಾಗಿ ಫೋನ್ ಆಫ್ ಆಗದ ಹಾಗೆ ಮಂಚದ ಪಕ್ಕದಲ್ಲೇ ಸದಾ ಚಾರ್ಜರ್. ಪಿನ್ ಹಾಕಲೇಬೇಕಾದಾಗ ಮಾತ್ರ ಅಮ್ಮ.